ಅಳಿಯನ ಕೈಗುಣ

ದಿವ್ಯಳ ಬಳೆಶಾಸ್ತ್ರಕ್ಕೆಂದು ತೆಗೆದಿಟ್ಟಿದ್ದ ಹಸಿರು ರೇಷ್ಮೆ ಸೀರೆಯ ಸೆರಗು ಬೆಳಗಾಗುವುದರೊಳಗೆ ತುದಿಯಲ್ಲಿ ಎಳೆಎಳೆಯಾಗಿ ಕಿತ್ತುಹೋಗಿತ್ತು. ಕಿತ್ತ ಎಳೆಗಳು ಎಲ್ಲೂ ಚೆಲ್ಲಿರಲಿಲ್ಲ. ಟ್ರಂಕಿನ ಮೂಲೆಯಲ್ಲಿ ಅವನ್ನೆಲ್ಲ ದುಂಡಗೆ ಸುತ್ತಿ, ನಡುವೆ ಗುಳಿ ಬಿಟ್ಟು, ಯಾರೋ ಪುಟ್ಟ ಹಾಸಿಗೆ ಹಾಸಿದಂತಿತ್ತು. ಅವಳ ತಾಯಿ ಸುವರ್ಣಮ್ಮ ಕೂಗಿಕೊಂಡ ಸದ್ದಿಗೆ ಕೊಳ್ಳೇಗಾಲದ ಆ ಬೀದಿಯ ಅರ್ಧ ಜನ ಮನೆಯೊಳಕ್ಕೆ ಬಂದುಬಿಟ್ಟರು.

ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಬಂದ ಅಳಿಯ ಶಾಂತಮೂರ್ತಿ ಟ್ರಂಕಿನೊಳಗೆ ಒಮ್ಮೆ ಇಣುಕಿದ. ಹೆರುವ ಕಾಲ ಹತ್ತಿರವಾದ ಇಲಿ ಕಟ್ಟುವ ಗೂಡು ಅದು ಎಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು. ಆದರೆ ತಿಳಿಯದವನಂತೆ ಮುಖ ಮಾಡಿ ನಿಂತ. ಅತ್ತೆಯ ಮನೆಯಲ್ಲಿ ಅವನು ಬಹಳ ಕಾಲದಿಂದ ಹೀಗೆಯೇ ನಿಂತುಕೊಂಡು ಬಂದಿದ್ದ.

ಮೈಸೂರಿನ ಒಂದು ಸಂಶೋಧನಾಲಯದಲ್ಲಿ ಅವನು ವಿಜ್ಞಾನಿ. ಕಂಪ್ಯೂಟರಿನಲ್ಲಿ ಜೀನ್ ನೋಡುವ ಕೆಲಸ ಎಂದು ಬೀಗರ ಕಡೆಯವರಿಗೆ ಹೇಳಿದ್ದ. ಅದರಲ್ಲಿ ಅರ್ಧ ನಿಜ. ಉಳಿದರ್ಧ ಇಲಿಗಳು. ಒಂದು ಜೀನ್ ಇಲ್ಲದೆ ಹೋದರೆ ತಾಯಿಯ ಹೊಟ್ಟೆಯಲ್ಲಿರುವ ಮರಿಯ ಹೃದಯ ಒಂದು ಹಂತದವರೆಗೆ ರೂಪುಗೊಂಡು ಅಲ್ಲಿಗೇ ನಿಂತುಬಿಡುತ್ತದೆ. ಏಕೆ ನಿಲ್ಲುತ್ತದೆ ಎಂದು ತಿಳಿಯಬೇಕಾದರೆ ಬಸುರಿ ಇಲಿಯನ್ನು ನಡುವಿನಲ್ಲೇ ಸಾಯಿಸಿ, ಮರಿಗಳನ್ನು ತೆಗೆದು ನೋಡಬೇಕು. ಆ ಕೆಲಸವನ್ನು ಅವನು ಇನ್ನೊಬ್ಬರ ಕೈಗೆ ಹಾಕುತ್ತಿರಲಿಲ್ಲ. ತಾನೇ ಮಾಡುತ್ತಿದ್ದ.

ಎರಡು ವರ್ಷದ ಹಿಂದೆ ದಿವ್ಯಳ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಯಿತು. ಡಾಕ್ಟರಿಗೆ ಕಾರಣ ತಿಳಿಯಲಿಲ್ಲ. ಬಂಧುಬಳಗಕ್ಕೆ ಮಾತ್ರ ತಕ್ಷಣ ತಿಳಿಯಿತು. ಬಸುರಿಯ ಗಂಡ ಜೀವ ತೆಗೆಯಬಾರದು. ಯಳಂದೂರಿನ ಚಿಕ್ಕಪ್ಪನ ಮನೆಯ ಬಚ್ಚಲಿಗೆ ಹಾವು ಬಂದಾಗ, ಎಲ್ಲರೂ ಹೊಡಿ ಹೊಡಿ ಎಂದು ಕೂಗಿದಾಗ, ಶಾಂತಮೂರ್ತಿ ಹೊಡೆದಿದ್ದ. ಕೂಗಿದವರೇ ಆಮೇಲೆ ಅದನ್ನು ಆಡಿಕೊಂಡರು. ಅದು ಒಂದೇ ಒಂದು ಹಾವು. ಉಳಿದದ್ದು ಇವರಿಗೆ ತಿಳಿದರೆ ಏನು ಗತಿ ಎಂದು ಅವನು ಒಳಗೇ ಬೆವೆತಿದ್ದ.

ಈ ಸಲ ಸುದ್ದಿ ತಿಳಿದ ವಾರವೇ ಸುವರ್ಣಮ್ಮ ಮೈಸೂರಿಗೆ ಬಂದು ಅಳಿಯನನ್ನು ಮಾದಪ್ಪನ ಪಟದ ಮುಂದೆ ನಿಲ್ಲಿಸಿದ್ದರು. "ಕೂಸು ಕೈಗೆ ಬರೋಗಂಟ ನಿಮ್ ಕೈಯಲ್ಲಿ ಒಂದು ಜೀವ ಓಗ್ಬಾರ್ದು ಅಳಿಯಂದ್ರೇ. ಆಣೆ ಮಾಡಿ." ಅವನು ಮಾಡಿದ. ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದ.

"ಅಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು ಕಣ್ರೀ," ಎಂದಿದ್ದಳು ದಿವ್ಯ. "ಅವಳು ಎದ್ರುಕಂಡ್ರೆ ನಾನೂ ಎದ್ರುಕತೀನಿ. ಇದೊಂದು ಸರ್ತಿ ನಂಗೆ ಎದರಿಕೆ ಬ್ಯಾಡ."

ಅವಳು ಕೇಳಿದ್ದು ಅಷ್ಟೇ. ಅದನ್ನು ಉಳಿಸಿಕೊಡಬೇಕೆಂದು ಶಾಂತಮೂರ್ತಿ ಉಸಿರು ಬಿಗಿಹಿಡಿದು ದಿನ ದೂಡುತ್ತಿದ್ದ.

"ಎಲ್ಲದೆ ತೋರ್ಸಿ, ಒಂದೇ ಏಟು," ಎನ್ನುತ್ತ ಎದುರು ಮನೆಯ ಕೆಂಪನಂಜಪ್ಪ ಪೊರಕೆ ಎತ್ತಿದ.

"ಲೇ ಕೆಂಪ್ನಂಜ, ಬಳೆಶಾಸ್ತ್ರದ ಮನೇಲಿ ಪೊರಕೆ ಎತ್ತೀಯಾ? ಇಳುಸ್ಲಾ ಕೈಯ," ಎಂದಳು ದೊಡ್ಡಬಸಮ್ಮ. ಆ ಬೀದಿಯ ಅರ್ಧ ಜನರನ್ನು ಭೂಮಿಗೆ ತಂದ ಸೂಲಗಿತ್ತಿ ಆಕೆ. ಆಕೆಯ ಮುಂದೆ ಕೆಂಪನಂಜಪ್ಪ ಈಗಲೂ ಹಸುಗೂಸೇ. "ಜೀವಂತ ಇಡ್ದು ಆಚ್ಗೆ ಬುಡಿ."

ಆಗ ಇಲಿ ಸೀರೆಗಳ ಸಂದಿಯಿಂದ ಜಿಗಿದು, ಮಡಿಲು ತುಂಬಲು ಅಕ್ಕಿ ಇಟ್ಟಿದ್ದ ಮೊರದ ಮೇಲೆ ಓಡಿ, ಹೂವಿನ ಬುಟ್ಟಿ ದಾಟಿ, ಮಾವ ಪುಟ್ಟಮಾದಪ್ಪನವರ ಕಾಲಬುಡಕ್ಕೆ ಬಂತು. ನೂಲಿನ ವ್ಯಾಪಾರದಲ್ಲಿ ಎಂಥ ಏರಿಳಿತಕ್ಕೂ ಅಲುಗದ ಅವರು ಪಂಚೆ ಎತ್ತಿಕೊಂಡು ಕುರ್ಚಿಯ ಮೇಲೆ ಹತ್ತಿ ನಿಂತರು. ಕೆಂಪನಂಜಪ್ಪ ಖಾಲಿ ಮಂಕರಿಯನ್ನು ಇಲಿಯ ಮೇಲೆ ಕವುಚಲು ಹಾರಿದ. ಮಂಕರಿ ನೆಲಕ್ಕೆ ಬಿತ್ತು. ಅವನು ತಂಬಿಟ್ಟಿನ ತಟ್ಟೆಯ ಮೇಲೆ ಕೂತ.

ಇಲಿ ಗೋಡೆಗುಂಟ ಓಡಿ ದಿವ್ಯಳ ಕುರ್ಚಿಯ ಕಡೆ ತಿರುಗಿತು. ಅವಳು ಗಾಬರಿಯಿಂದ ಎದ್ದಳು. ಚೆಲ್ಲಿದ ಅಕ್ಕಿಯ ಮೇಲೆ ಪಾದ ಜಾರಿತು.

ಶಾಂತಮೂರ್ತಿ ಯಾವಾಗ ಹಾರಿದನೋ ಅವನಿಗೇ ತಿಳಿಯದು. ಎಡಗೈ ಹೆಂಡತಿಯ ತೋಳು ಹಿಡಿದಿತ್ತು. ಬಲಗೈ ಇಲಿಯ ಬಾಲದ ಬುಡ ಹಿಡಿದಿತ್ತು. ದಿವ್ಯಳನ್ನು ಮೆಲ್ಲಗೆ ಕೂರಿಸಿದ. ಆಮೇಲೆ ಅವನ ಕೈ ಯಾರ ಮಾತನ್ನೂ ಕೇಳಲಿಲ್ಲ. ಇಲಿಯನ್ನು ಚಾಪೆಯ ಮೇಲೆ ಬಿಟ್ಟು, ಅದು ಉಗುರೂರಿದ ಕ್ಷಣದಲ್ಲಿ ಕತ್ತಿನ ಹಿಂದಿನ ತೊಗಲನ್ನು ಎರಡು ಬೆರಳಲ್ಲಿ ಹಿಡಿದು, ಅಂಗಾತ ತಿರುಗಿಸಿ, ಬಾಲವನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡಿತು. ಇನ್ನೊಂದು ಕೈಯ ಹೆಬ್ಬೆರಳು ಹೊಟ್ಟೆಯ ಮೇಲೆ ಹಗುರವಾಗಿ ಓಡಾಡಿತು.

"ಬಸುರಿ," ಎಂದಿತು ಅವನ ಬಾಯಿ. "ದಿನ ತುಂಬಿದೆ. ಆರೋ ಏಳೋ ಮರಿ."

ಕರೆಂಟು ಹೋದಾಗ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತಹಾಗೆ ಮನೆ ಸದ್ದಡಗಿತು. ದಿವ್ಯ ಕಣ್ಣು ಮುಚ್ಚಿಕೊಂಡಳು. ಸುವರ್ಣಮ್ಮ ಅಳಿಯನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದರು.

"ಪಳಗಿದ ಕೈ," ಎಂದಳು ದೊಡ್ಡಬಸಮ್ಮ. "ಎಲ್ಲಿ ಕಲ್ತ್ಯಪ್ಪಾ?"

"ನಮ್ಮ ಲ್ಯಾಬಲ್ಲಿ ಇಲಿ ಇವೆ ಅಜ್ಜಿ."

"ಬಸುರಿ ಇಲಿಗುಳಾ?"

"ಹೂಂ."

"ಏನ್ ಮಾಡ್ತೀಯಾ ಅವಕ್ಕೆ?"

"ಹೊಟ್ಟೇಲಿರೋ ಮರಿ ಹೆಂಗೆ ಬೆಳೀತದೆ ಅಂತ ನೋಡ್ತೀವಿ."

"ನೋಡಿ?"

"ಬರ್ಕೊತೀವಿ."

ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ನಡುವಿನ ಒಂದು ಮೆಟ್ಟಿಲು ಮಾತ್ರ ಇರಲಿಲ್ಲ. ಆ ಮೆಟ್ಟಿಲನ್ನು ದೊಡ್ಡಬಸಮ್ಮ ತಾನೇ ಕಟ್ಟಿಕೊಂಡಳು. "ಅಂಗಾದ್ರೆ ನೀನೂ ಸೂಲಗಿತ್ತಿನೇ ಅನ್ನು! ಸುವರ್ಣಮ್ಮ, ಇಲಿಗೆ ಬಾಣಂತನ ಮಾಡೋ ಅಳಿಯನ್ನ ತಂದಿದ್ದೀಯಲ್ಲವ್ವ. ಒಂದು ದಿನಾನಾರೂ ಯೋಳ್ನಿಲ್ಲ ನೀನು."

ಪುಟ್ಟಮಾದಪ್ಪ ಕುರ್ಚಿಯಿಂದ ಇಳಿದು, ತಮಗೆ ಮೊದಲೇ ಗೊತ್ತಿತ್ತೆಂಬಂತೆ ಪಂಚೆ ಸರಿಮಾಡಿಕೊಂಡರು. ಸುದ್ದಿ ಬೀದಿಯ ಕೊನೆ ಮುಟ್ಟಿ ಹಿಂದಿರುಗುವಷ್ಟರಲ್ಲಿ ಅಳಿಯ ದೊಡ್ಡ ಡಾಕ್ಟರಾಗಿದ್ದ. ಕೆಂಪನಂಜಪ್ಪ, ಪಂಚೆಗೆ ಮೆತ್ತಿದ ತಂಬಿಟ್ಟನ್ನೂ ಕೊಡವದೆ, ತನ್ನ ಮೇಕೆಯನ್ನು ಎಳೆದು ತಂದ.

"ಗಬ್ಬ ನಿಂತದೋ ಇಲ್ವೋ ಒಸಿ ನೋಡ್ಬುಡಿ ಸಾ."

"ನಂಗೆ ಇಲಿ ಮಾತ್ರ ಗೊತ್ತು ಕಣ್ರಿ. ಮೇಕೆ ದೊಡ್ಡದು."

"ದೊಡ್ಡದಾದ್ರೆ ಇನ್ನೂ ಸಲೀಸಲ್ವಾ ಸಾ?"

ನಾಲ್ಕು ಜನ ಹಿಡಿದುಕೊಂಡರು. ಶಾಂತಮೂರ್ತಿ ಮೇಕೆಯ ಹೊಟ್ಟೆಗೆ ಕೈಯಿಟ್ಟ. ಮೇಕೆ ಅವನ ಮೊಣಕಾಲಿಗೆ ಒಂದು ಗುದ್ದು ಕೊಟ್ಟಿತು. "ಗಂಡಸ್ರು ಮುಟ್ಟುದ್ರೆ ಆಗಕಿಲ್ಲ ಅಂತದೆ, ಗಬ್ಬನೇ ಇರ್ಬೇಕು," ಎಂದು ದೊಡ್ಡಬಸಮ್ಮ ತೀರ್ಪು ಕೊಟ್ಟಳು. ಕಿಟಕಿಯಲ್ಲಿ ನಿಂತಿದ್ದ ದಿವ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು. ಕುಂಟುತ್ತ ಒಳಗೆ ಬರುತ್ತಿದ್ದ ಶಾಂತಮೂರ್ತಿಗೆ ಮೊಣಕಾಲಿನ ನೋವು ಅಷ್ಟೊಂದು ಎನ್ನಿಸಲಿಲ್ಲ.

ಶಾಸ್ತ್ರ ನಡೆಯಿತು. ಹರಿದ ತುದಿ ಒಳಗೆ ಹೋಗುವಂತೆ ಸುವರ್ಣಮ್ಮ ಮಗಳಿಗೆ ಸೆರಗು ಹೊದಿಸಿ, ಯಾರಿಗೂ ಕಾಣದ ಹಾಗೆ ಪಿನ್ನು ಹಾಕಿದರು. ಹಸಿರು ಬಳೆ ತೊಡಿಸಿದರು. ಬೆಳಗಿನಿಂದ ಅವರು ಅಳಿಯನ ಜೊತೆ ಮಾತಾಡಿರಲಿಲ್ಲ. ಆರತಿ ಮುಗಿದ ಮೇಲೆ, ಎದುರು ಮನೆಯಿಂದ ತಂದ ಬೋನಿನಲ್ಲಿ ಮುದುರಿ ಕೂತಿದ್ದ ಇಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಂಬಿಗಳ ಸಂದಿಯಿಂದ ಒಂದು ಚಿಟಿಕೆ ಅಕ್ಕಿ, ಒಂದು ಚೂರು ಕೊಬ್ಬರಿ ಹಾಕಿದರು.

"ಇವತ್ತು ಈ ಮನೇಲಿ ಇಬ್ರು ಬಸುರೀರು," ಎಂದರು. "ಇದ್ನ ಬೀದಿಗೆ ಬುಡಕ್ಕಾಗಕಿಲ್ಲ. ಅಳಿಯಂದ್ರು ಮೈಸೂರ್ಗೆ ತಕಂಡೋಗಿ ಬಾಣಂತನ ಮಾಡ್ಲಿ." ಟ್ರಂಕಿನಲ್ಲಿದ್ದ ರೇಷ್ಮೆಯ ಗೂಡನ್ನು ಕೆಡದಂತೆ ಎತ್ತಿ ತಂದು ಬೋನಿನೊಳಗಿಟ್ಟರು. "ಸೀರೆ ಎಂಗೂ ಕೆಡ್ತು. ಆ ಎಳೆ ಅದ್ಕೇ ಇರ್ಲಿ."

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಅತ್ತೆಯೇ ಬಂದರು. ಟವಲು ಹೊದಿಸಿದ ಬೋನು ಅವರ ಕೈಯಲ್ಲೇ ಇತ್ತು. ದಿವ್ಯ ಹೆರಿಗೆಗೆಂದು ತವರಿನಲ್ಲೇ ಉಳಿದಿದ್ದಳು. ಮೈಸೂರು ಬಸ್ಸು ನಿಲ್ಲುವ ಕಡೆ ಬಂದಾಗ ನಿಂತರು.

"ಮೊದಲ್ನೇ ಸರ್ತಿ ದಿವ್ಯ ಆಸ್ಪತ್ರೇಲಿದ್ದಾಗ ಒಂದು ದಿನ ನೀವು ಒಂದು ಗಳಿಗೆ ಕೆಲ್ಸಕ್ಕೆ ಓಗಿದ್ರಿ. ನೆನಪದಾ? ಬೆಳಿಗ್ಗಿಂದ ಉಂಡಿರ್ನಿಲ್ಲ ಅಂತ ನಾನು ಊಟದ ಕ್ಯಾರಿಯರ್ ತಕಂಡು ಬಂದಿದ್ದೆ."

"ವಾಚ್‌ಮನ್ ಕೈಗೆ ಕೊಟ್ಟು ಹೋಗಿದ್ರಿ ಅತ್ತೆ."

"ಕೊಡೋಕೆ ಮುಂಚೆ ಒಳೀಕೆ ಬಂದಿದ್ದೆ. ಬಾಗ್ಲಲ್ಲಿ ಗಾಜಿತ್ತು." ಸುವರ್ಣಮ್ಮ ಟವಲಿನ ಅಂಚು ಸರಿಮಾಡಿದರು. "ಎಲ್ಲಾ ನೋಡ್ದೆ."

ಶಾಂತಮೂರ್ತಿ ಬೋನಿಗೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಹಂಗಾದ್ರೆ ಆ ಆಣೆ…"

"ಆಣೆ ಮಾಡ್ಸುದ್ರೆ ನೀವೇ ಬಾಯ್ಬುಟ್ಟು ಯೋಳ್ತೀರಿ ಅನ್ಕಂಡೆ. ನೀವು ಆಣೆನೇ ಮಾಡ್ಬುಟ್ರಿ." ಅವರ ದನಿಯಲ್ಲಿ ಕೋಪವಿರಲಿಲ್ಲ. "ಬಳಗದೋರು ಆವು ಆವು ಅಂದ್ರು. ನಾನು ಬಾಯಿ ಬುಡ್ನಿಲ್ಲ. ಯಾತಕ್ಕೆ ಮಾಡ್ತೀರಿ ಅಂತ ತಿಳ್ಕಳೋ ಓದು ನಂಗಿಲ್ಲ ಅಳಿಯಂದ್ರೇ. ಆದ್ರೆ ಅವತ್ತು ಆ ಬಸುರಿ ಇಲೀನ ಎತ್ಕಳಕ್ಕೆ ಮುಂಚೆ ಅದರ ತಲೆ ಒಂದ್ಸರ್ತಿ ಸವರಿದ್ರಿ. ಸುಮ್‌ಸುಮ್ನೆ ಜೀವ ತೆಗೆಯೋ ಕೈ ತಲೆ ಸವರಕಿಲ್ಲ."

ಅವನ ಕಣ್ಣು ತುಂಬಿತು. ಎರಡು ವರ್ಷದ ಭಾರ ಇಳಿದಂತಾಗಿ, "ನಾನು ನಾಳೆಯಿಂದ…" ಎಂದು ಏನೋ ಹೇಳಲು ಹೊರಟ.

"ನಾಳೇದು ನಾಳೆ. ಆಣೆ ಮುರ್ದಿದ್ದೀರಿ, ಅದ್ಕೆ ತಪ್ಪು ಕಟ್ಬೇಕಲ್ವಾ?" ಸುವರ್ಣಮ್ಮ ಬೋನನ್ನು ಅವನ ಕೈಗಿಟ್ಟರು. "ಅಷ್ಟು ತಾಯಂದ್ರಲ್ಲಿ ಇವಳೊಬ್ಬಳನ್ನ ಎರಿಗೆ ಮಾಡ್ಸಿ. ಏಳು ಅಂದ್ರಲ್ಲ, ಏಳೂ ಬದುಕ್ಬೇಕು. ಅಲ್ಲೀಗಂಟ ದಿವ್ಯನ ನೋಡಕ್ಕೆ ಬರ್ಬ್ಯಾಡಿ."

ಬಸ್ಸಿನಲ್ಲಿ ಕೂತ ಮೇಲೆಯೇ ಶಾಂತಮೂರ್ತಿಗೆ ತನ್ನ ಸ್ಥಿತಿ ಪೂರ್ತಿ ಅರ್ಥವಾದದ್ದು. ಇಷ್ಟು ವರ್ಷದಲ್ಲಿ ಅವನ ಕೈಗೆ ಬಂದ ಒಂದು ಇಲಿಯೂ ದಿನ ತುಂಬುವವರೆಗೆ ಉಳಿದಿರಲಿಲ್ಲ. ಹೆರಿಗೆಯನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಪುಸ್ತಕದಲ್ಲಿ ಓದಿದ ಒಂದೇ ಮಾತು ನೆನಪಿತ್ತು: ಬೆದರಿದ ತಾಯಿ ಹೆತ್ತ ಮರಿಗಳನ್ನು ತಾನೇ ತಿಂದುಬಿಡಬಹುದು. ಉಬ್ಬು ಬಂದಾಗಲೆಲ್ಲ ಅವನು ಬೋನನ್ನು ತೊಡೆಯಿಂದ ಗಾಳಿಗೆ ಎತ್ತಿ ಹಿಡಿದ.

"ಏನ್ ಸಾ ಅದು?" ಕಂಡಕ್ಟರ್ ರಂಗಸ್ವಾಮಿ ಕೇಳಿದ.

ಹೇಳದೆ ಉಳಿಸಿಕೊಳ್ಳುವಂಥದ್ದು ಇನ್ನೇನೂ ಇರಲಿಲ್ಲ. "ಬಸುರಿ ಇಲಿ," ಎಂದ.

ರಂಗಸ್ವಾಮಿ ಅವನನ್ನೊಮ್ಮೆ, ಬೋನನ್ನೊಮ್ಮೆ ನೋಡಿದ. "ಇಂದಗಡೆ ಎಗರ್ತದೆ ಸಾ. ಮುಂದ್ಕೆ ಬನ್ನಿ," ಎಂದು ತನ್ನ ಸೀಟನ್ನೇ ಬಿಟ್ಟುಕೊಟ್ಟ.

ನರಸೀಪುರ ದಾಟುವಾಗ ಟವಲಿನೊಳಗೆ ಕೀಂವ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ದನಿ, ಅದಕ್ಕಿಂತ ಸಣ್ಣದು. ಟವಲು ಎತ್ತಿದರೆ ತಾಯಿ ಬೆದರುತ್ತಾಳೆ. ಎತ್ತದಿದ್ದರೆ ಲೆಕ್ಕ ಸಿಗುವುದಿಲ್ಲ. ಹೆರಿಗೆ ಶುರುವಾಯಿತೆಂದು ದಿವ್ಯಳಿಗೆ ಮೆಸೇಜು ಹಾಕಿ, ಬೆವರು ಒರೆಸುತ್ತ ಅವನು ದನಿಗಳನ್ನೇ ಎಣಿಸತೊಡಗಿದ. ಮೈಸೂರಿನ ದೀಪಗಳು ಕಾಣುವ ಹೊತ್ತಿಗೆ ಫೋನು ಬಂತು.

"ಎಷ್ಟಾಯ್ತು ಅಳಿಯಂದ್ರೇ?"

"ಆರು ಅತ್ತೆ."

"ಏಳು ಅಂದಿದ್ರಿ."

"ಆರೋ ಏಳೋ ಅಂದಿದ್ದೆ ಅತ್ತೆ."

"ನಾನು ಬೀದಿಗೆಲ್ಲ ಏಳು ಅಂತ ಯೋಳಾಗದೆ. ದಿವ್ಯನೂ ಏಳು ಅಂತ್ಲೇ ಕುಂತವ್ಳೆ," ಎಂದು ಸುವರ್ಣಮ್ಮ ಫೋನಿಟ್ಟರು.

ಶಾಂತಮೂರ್ತಿ ಬಗ್ಗಿ ಟವಲಿಗೆ ಕಿವಿಯಿಟ್ಟ. ಬಸ್ಸಿನ ತುಂಬ ಗಲಾಟೆ. ರಂಗಸ್ವಾಮಿ ಹಿಂದಕ್ಕೆ ತಿರುಗಿ ಗದರಿದ: "ಒಸಿ ಸುಮ್ನಿರ್ರಪ್ಪ, ಬಾಣಂತಿ ಅವ್ಳೆ!"

ಬಸ್ಸಿಗೆ ಬಸ್ಸೇ ಉಸಿರು ಬಿಗಿಹಿಡಿದು ಏಳನೆಯದಕ್ಕೆ ಕಾಯಿತು.