ಹುಣಿಸೆ ನೀರಲ್ಲಿ ಮಿಂದ ಮೂವತ್ತು ಮೊಟ್ಟೆ

ಇಪ್ಪತ್ತು ವರ್ಷದ ನನ್ನ ಬಣ್ಣಗಾರಿಕೆ ಮೂವತ್ತು ಮೊಟ್ಟೆಗಳ ಮುಂದೆ ಮಣ್ಣುಮುಕ್ಕಿದ ವೃತ್ತಾಂತವನ್ನು ನಾನೇ ಹೇಳಿಬಿಡುವುದು ಮೇಲು. ನನ್ನ ಹೆಂಡತಿ ಶಕುಂತಲೆ ಹೇಳಿದರೆ ಮೊಟ್ಟೆ ಅರವತ್ತಾಗುತ್ತವೆ.

ದೊಡ್ಡಬಳ್ಳಾಪುರದಲ್ಲಿ ಸೀರೆಯ ರೇಷ್ಮೆಗೆ ಬಣ್ಣ ಕಟ್ಟುವವನು ನಾನು. ಯುದ್ಧ ಬಂದು ಜರ್ಮನಿಯ ಬಣ್ಣದ ಡಬ್ಬಿಗಳು ನಿಂತುಹೋದಾಗ ಉಳಿದವರು ತಲೆಮೇಲೆ ಕೈಹೊತ್ತು ಕೂತರು. ನಾನು ಮಾತ್ರ ಅಜ್ಜನ ಕಾಲದ ಅರಿಸಿನ, ಅರಗು, ದಾಳಿಂಬೆ ಸಿಪ್ಪೆಗಳನ್ನು ಹೊರತೆಗೆದು ಮೀಸೆ ತಿರುವಿದೆ. ಆ ಮೀಸೆಯೇ ಮುಳುವಾಯಿತು.

ನಮ್ಮ ಮಗಳು ಸರೋಜಳ ಸ್ಕೂಲಿನ ಸಾರಮ್ಮ ಟೀಚರು ಒಂದು ದಿನ ಮನೆಗೆ ಬಂದರು. ಅವರ ಈಸ್ಟರ್ ಹಬ್ಬಕ್ಕೆ, ಅಂದರೆ ಯೇಸುಸ್ವಾಮಿ ಮತ್ತೆ ಎದ್ದು ಬಂದ ದಿನಕ್ಕೆ, ಮಕ್ಕಳಿಗೆ ಬಣ್ಣದ ಮೊಟ್ಟೆ ಹಂಚುವ ರೂಢಿಯಂತೆ. ಬೆಂಗಳೂರಿನ ದಂಡು ಪ್ರದೇಶದಿಂದ ತರಿಸುತ್ತಿದ್ದ ಬಣ್ಣದ ಪೊಟ್ಟಣ ಈ ಸಲ ಸಿಕ್ಕಿಲ್ಲ.

"ನಾನಿದ್ದೀನಲ್ಲ ಟೀಚರಮ್ಮ! ರೇಷ್ಮೆಗೇ ಹತ್ತೋ ಬಣ್ಣ ಮೊಟ್ಟೆಗೆ ಹತ್ತಲ್ವಾ?" ಎಂದುಬಿಟ್ಟೆ.

ಇಲ್ಲ ಎನ್ನುವುದಾದರೂ ಹೇಗೆ? ಹೋದ ವರ್ಷ ಸರೋಜಳಿಗೆ ವಿಷಮಶೀತ ಜ್ವರ ಬಂದು ನೆಂಟರಿಷ್ಟರು ಹೊಸಿಲು ತುಳಿಯಲು ಹೆದರಿದಾಗ, ಹದಿನೆಂಟು ದಿನ ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂತವರು ಈ ಸಾರಮ್ಮನವರೇ.

ಟೀಚರು ಗೇಟು ದಾಟಿದ ಮೇಲೆ ಶಕುಂತಲೆ ಒಳಗಿನಿಂದ ಬಂದಳು. ನಮ್ಮದು ಮೊಟ್ಟೆ ಮುಟ್ಟದ ಮನೆ (ಎಂದು ನಾನು ನಂಬಿದ್ದೆ).

"ಅವರ ಕೆಲಸ ಆಗ್ಲೇಬೇಕು, ನಾನೂ ಒಪ್ತೀನಿ. ಆದ್ರೆ ಒಂದೇ ಒಂದು ಮೊಟ್ಟೆ ನನ್ನ ಅಡುಗೆಮನೆ ಕಡೆ ಉರುಳಿದ್ರೂ ನೀವೂ ಅದರ ಹಿಂದೇನೇ ಉರುಳ್ಬೇಕಾಗುತ್ತೆ!"

ಹಬ್ಬದ ಹಿಂದಿನ ಶನಿವಾರ ಬೆಳಿಗ್ಗೆ ಟೀಚರು ಮೊಟ್ಟೆಗಳನ್ನು ಬೇಯಿಸಿಯೇ ಕಳಿಸಿದರು. ಮಕ್ಕಳು ಇಪ್ಪತ್ತನಾಲ್ಕು, ಮೊಟ್ಟೆ ಮೂವತ್ತು. ಹಿತ್ತಿಲಿನ ಬಣ್ಣದ ಕೊಟ್ಟಿಗೆಯಲ್ಲಿ ನನ್ನ ಮಹಾಯಜ್ಞ ಆರಂಭವಾಯಿತು. ಹತ್ತು ಅರಿಸಿನಕ್ಕೆ, ಹತ್ತು ಅರಗಿನ ಕೆಂಪಿಗೆ, ಹತ್ತು ನೀಲಿಗೆ. ಮಧ್ಯಾಹ್ನದ ಹೊತ್ತಿಗೆ ತಕ್ಕಮಟ್ಟಿಗೆ ಬಣ್ಣ ಕೂತಿತ್ತು. ಬುದ್ಧಿಯಿದ್ದವನು ಅಲ್ಲಿಗೆ ಕೈ ತೊಳೆಯುತ್ತಿದ್ದ. ಆದರೆ ರೇಷ್ಮೆಗೆ ಕೊನೆಯಲ್ಲಿ ಹುಳಿನೀರು ಕೊಟ್ಟರೆ ಹೊಳಪು ಬರುತ್ತದೆ, ಮೊಟ್ಟೆಗೂ ಯಾಕೆ ಬರಬಾರದು? ನಲ್ಲೂರಿನ ಹುಣಿಸೆಹಣ್ಣು ಎರಡು ಸೇರು ಕಿವುಚಿ, ಮೂವತ್ತನ್ನೂ ಅದರಲ್ಲಿ ಮುಳುಗಿಸಿ, ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದೆ.

ಎದ್ದು ಬಂದು ನೋಡಿದರೆ ಕೊಳಗದ ತುಂಬ ನೊರೆ. ಒಂದು ಮೊಟ್ಟೆ ಎತ್ತಿದೆ. ಬಣ್ಣವೆಲ್ಲ ಸುಣ್ಣದ ಲೋಳೆಯಾಗಿ ನನ್ನ ಅಂಗೈಗೆ ಬಂತು. ಮೊಟ್ಟೆಯ ಮೈ ಸಿಡುಬು ಎದ್ದವರ ಮುಖದಂತಾಗಿತ್ತು. ನಾಲ್ಕು ಬಿರುಕೇ ಬಿಟ್ಟಿದ್ದವು. ಬೆಳಗಾದರೆ ಹಬ್ಬ. ಹದಿನೆಂಟು ದಿನ ಕೂತ ಆ ತಾಯಿಗೆ ಯಾವ ಮುಖ ತೋರಿಸಲಿ?

ನನ್ನ ಮೌನ ಕೇಳಿಸಿತೋ ಏನೋ (ನಮ್ಮ ಮನೆಯಲ್ಲಿ ಅದು ಅಪರೂಪದ ಸದ್ದು), ಶಕುಂತಲೆ ಬಂದು ಬಗ್ಗಿ ನೋಡಿದಳು. ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

"ಚಿಪ್ಪು ಅಂದ್ರೆ ಸುಣ್ಣ ಅಲ್ವಾ? ಸುಣ್ಣಕ್ಕೆ ಹುಳಿ ಹಾಕ್ತಾರೇನ್ರೀ? ಏಳಿ, ಅತ್ತಕಡೆ ಜರುಗಿ. ಅತ್ತೇ, ಈರುಳ್ಳಿ ಬುಟ್ಟಿ ತಗೊಂಬನ್ನಿ!"

ನನ್ನ ಎಪ್ಪತ್ತು ವರ್ಷದ ತಾಯಿ ನಾರಾಯಣಮ್ಮ ಬುಟ್ಟಿ ಹೊತ್ತು ಬಂದರು. ಸೊಸೆ ಸೆರಗು ಸಿಕ್ಕಿಸಿ ಮೊಟ್ಟೆಗಳನ್ನು ಒಂದೊಂದಾಗಿ ತೊಳೆದಳು. ಅತ್ತೆ ಒಂದೊಂದಕ್ಕೂ ಕೆಂಪು ಈರುಳ್ಳಿ ಸಿಪ್ಪೆ ಹೊದಿಸಿ, ಹರುಕು ನೂಲು ಸುತ್ತಿ ಬಿಗಿದರು. ಒಂದು ಗಂಟೆ ಕುದಿಸಿ ಬಿಚ್ಚಿದಾಗ ತುಕ್ಕುಗೆಂಪು, ಜೇನು, ಹೊಂಬಣ್ಣಗಳು ಒಂದರೊಳಗೊಂದು ಹರಿದು, ನೂಲಿದ್ದ ಕಡೆ ಸಣ್ಣ ಗೆರೆ ಬಿಟ್ಟಿದ್ದವು. ಒರಟಾದ ಚಿಪ್ಪು ಬಣ್ಣವನ್ನು ಹಿಡಿದುಕೊಂಡಿತ್ತು.

ಸಂಜೆ ಬಂದ ಸಾರಮ್ಮನವರು ಒಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಪೊಟ್ಟಣದ ಬಣ್ಣ ಯಾವತ್ತೂ ಹಿಂಗೆ ಬಂದಿರ್ಲಿಲ್ಲ. ಯಾರ ಕೈಚಳಕ ಇದು?" ಎಂದರು. ನಾನು ಕೆಮ್ಮಿದೆ. ಸರೋಜ, "ಅಮ್ಮ, ಅಜ್ಜಿ ಮಾಡಿದ್ದು ಟೀಚರ್. ಅಪ್ಪ ನಿದ್ದೆ ಮಾಡ್ತಿದ್ರು" ಎಂದಳು.

ಬಿರುಕು ಬಿಟ್ಟ ನಾಲ್ಕನ್ನು ಟೀಚರು ನಮಗೇ ಬಿಟ್ಟುಹೋದರು. ಅವನ್ನು ಎಸೆದು ಬರೋಣವೆಂದು ಹಿತ್ತಿಲಿಗೆ ಹೋದರೆ, ಕಲ್ಲಿನ ಮೇಲೆ ಅತ್ತೆ, ಸೊಸೆ, ಮೊಮ್ಮಗಳು ಆ ನಾಲ್ಕನ್ನೂ ಮುಂದಿಟ್ಟುಕೊಂಡು ಕೂತಿದ್ದಾರೆ. ಶಕುಂತಲೆ ಮೊಟ್ಟೆಯನ್ನು ಟಕ್ಕೆಂದು ತಟ್ಟಿ, ಎರಡೇ ಎಳೆತಕ್ಕೆ ಚಿಪ್ಪು ಸುಲಿದು, ಉಪ್ಪು ಮೆಣಸು ಉದುರಿಸಿದಳು!

"ಲೇ! ಇದೆಲ್ಲಾ ನಿಂಗೆ ಹೆಂಗೆ ಗೊತ್ತೇ?"

ಉತ್ತರ ಬಂದದ್ದು ನನ್ನ ತಾಯಿಯಿಂದ. "ಸರೋಜನ ಬಾಣಂತನದಲ್ಲಿ ಇವಳ ಸೊಂಟ ಬಿದ್ದೋಗಿತ್ತಲ್ಲೋ. ದಿನಾ ಎರಡು ಕೊಡಿ ಅಂದ್ರು ಡಾಕ್ಟ್ರು. ನಾನೇ ಕೊಟ್ಟೆ. ಒಬ್ಳೇ ತಿನ್ನೋಕೆ ಅಳ್ತಿದ್ಲು, ಜೊತೆಗೆ ನಾನೂ ತಿಂದೆ. ಆಮೇಲೆ ರುಚಿ ಹತ್ತಿಬಿಡ್ತು."

"ಹನ್ನೊಂದು ವರ್ಷದಿಂದ?"

"ನೀನು ನೂಲು ತರೋಕೆ ಬೆಂಗಳೂರಿಗೆ ಹೋದ ದಿನ ಮಾತ್ರ ಕಣಪ್ಪ."

ಅತ್ತೆ ಸೊಸೆಗೆ ಒಂದೊಂದಾಗಿ, ಮೂರನೆಯದಕ್ಕೆ ಸರೋಜ ಆಗಲೇ ಬಾಯಿ ಹಾಕಿದ್ದಳು. ಕಲ್ಲಿನ ಮೇಲೆ ಇನ್ನೊಂದು ಉಳಿದಿತ್ತು. ಅದರ ಘಮಕ್ಕೋ ಅವಮಾನಕ್ಕೋ ನನ್ನ ಬಾಯಲ್ಲಿ ನೀರೂರಿತು. ಮೆಲ್ಲಗೆ ಕೈ ಚಾಚಿದೆ.

ಶಕುಂತಲೆ ನನ್ನ ಕೈಯನ್ನು ಮೃದುವಾಗಿ ಪಕ್ಕಕ್ಕೆ ಸರಿಸಿದಳು.

"ಬೇಡ ಕಣ್ರೀ. ಮನೇಲಿ ಒಬ್ರಾದ್ರೂ ಮಡಿಯಾಗಿರ್ಲಿ. ನಿಮಗೆ ಒಳಗೆ ಸಾರು ಮುಚ್ಚಿಟ್ಟಿದ್ದೀನಿ."