ಮಾಳಿಗೆಯ ಮೇಲಿನ ಹಲ್ಲು

ಪ್ರಾಥಮಿಕ ಶಾಲೆಯ ಮಾಸ್ತರನ ಎದುರಿಗೆ ಹಲ್ಲುಗಳು ಬೀಳುತ್ತಲೇ ಇರುತ್ತವೆ. ಕೆಲವು ತಾವಾಗಿ, ಕೆಲವು ಗೆಳೆಯರ ಸಹಾಯದಿಂದ. ಔರಾದ ತಾಲೂಕಿನ ಆ ಹಳ್ಳಿಯಲ್ಲಿ ನಾನಿದ್ದಾಗ, ಮೇಲಿಂದ ಮೇಲೆ ಮಳೆ ಕೈಕೊಟ್ಟ ವರ್ಷಗಳಲ್ಲಿ, ಬಿದ್ದ ಒಂದು ಹಲ್ಲು ಮಾತ್ರ ನನ್ನನ್ನು ಬೀದರ್‌ವರೆಗೆ ಓಡಿಸಿತು.

೧. ಪಾಳಿ

ನೀರಿನ ಟ್ಯಾಂಕರಿಗೆ ಹೊತ್ತುಗೊತ್ತು ಇರಲಿಲ್ಲ. ಹಾರ್ನ್ ಕೇಳಿದರೆ ನನ್ನ ತರಗತಿ ಖಾಲಿ. ಆ ದಿನ ನೂಕಾಟದಲ್ಲಿ ಯಾರದೋ ಕೊಡ ಬಡಿದು, ಆರನೇ ತರಗತಿಯ ಹುಡುಗಿಯೊಬ್ಬಳ ಮುಂದಿನ ಹಲ್ಲು ಬೇರುಸಹಿತ ಕಿತ್ತು ಬಂತು.

ಅವಳ ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದರು. ಹೋಗುವಾಗ ತಾಯಿ, “ಸಾಲಿ ತಪ್ಪಬಾರದಂತ ಅಜ್ಜಿ ಬಲ್ಲಿ ಬಿಟ್ಟು ಹೊಂಟೀನ್ರಿ ಸರ್. ಹ್ಯಾಂಗ ಬಿಟ್ಟೀನಿ, ಹಂಗೇ ಸಿಗಬೇಕು ನೋಡ್ರಿ” ಎಂದಿದ್ದಳು.

ಓಡಿಹೋಗಿ ನೋಡಿದರೆ, ಬಾಯಿಂದ ರಕ್ತ ಸೋರುತ್ತಿದ್ದರೂ ಹುಡುಗಿ ಕೊಡ ಹಿಡಿದು ನಿಂತಿದ್ದಳು.

“ಹಲ್ಲು ಎಲ್ಲದ?”

“ಅಜ್ಜಿ ಒಯ್ದಳ್ರಿ.”

“ಮತ್ತ ನೀ ಯಾಕ ಇಲ್ಲಿ ನಿಂತೀದಿ?”

“ಪಾಳಿ ಹೋಗ್ತದಲ್ರಿ ಸರ್!”

೨. ಮಾಳಿಗೆ

ಬೇರುಸಹಿತ ಬಂದ ಹಲ್ಲನ್ನು ಹಾಲಿನಲ್ಲಿ ಇಟ್ಟುಕೊಂಡು ಬೇಗ ಹಲ್ಲಿನ ಡಾಕ್ಟರ ಬಳಿ ಹೋದರೆ ಮತ್ತೆ ಕೂರಿಸಬಹುದು. ತಡವಾದಷ್ಟೂ ಆಸೆ ಕಡಿಮೆ. ಇದು ನನಗೆ ಗೊತ್ತಿತ್ತು; ಹುಡುಗಿಯ ಮನೆಗೆ ಓಡಿದೆ. ಅಜ್ಜಿಗೆ ಗೊತ್ತಿದ್ದದ್ದು ಬೇರೆ: ಮಕ್ಕಳ ಹಲ್ಲು ಬಿದ್ದರೆ ಸಗಣಿಯಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೆಯಬೇಕು, ಹೊಸದು ಬರುತ್ತದೆ.

“ಒಗದೆ ಬಿಡ್ರಿ ಸರ್. ಸಗಣಿ ಇಲ್ಲದೇ ಒಗದೆ. ದನ ಎಲ್ಲಾ ಮೇವಿನ ಕ್ಯಾಂಪಿಗಿ ಹೋಗ್ಯಾವ, ಸಗಣಿ ಎಲ್ಲಿಂದ ತರಲಿ?”

“ಇದು ಹಾಲುಹಲ್ಲು ಅಲ್ಲ ಅಜ್ಜಿ, ಇನ್ನೊಮ್ಮೆ ಹುಟ್ಟೂದಿಲ್ಲ” ಎಂದು ಏಣಿ ಹತ್ತಿದೆ. ಮಣ್ಣಿನ ಮಾಳಿಗೆಯ ಮೇಲೆ ಒಂದಲ್ಲ, ನಾಲ್ಕು ಹಲ್ಲು ಬಿದ್ದಿದ್ದವು. ಬೇರಿದ್ದದ್ದು ಒಂದಕ್ಕೇ, ಅದನ್ನು ಬೇರು ಮುಟ್ಟದೆ ಎತ್ತಿಕೊಂಡೆ.

“ಉಳಿದವು ಯಾರವು?”

“ಹೈದ್ರಾಬಾದಕ್ಕ ಹ್ವಾದ ಮೊಮ್ಮಕ್ಕಳವು. ಮಳಿ ಬಂದಿದ್ರ ತೊಳಕೊಂಡು ಹೋಗ್ತಿದ್ದವ್ರಿ” ಎಂದಳು ಅಜ್ಜಿ ಕೆಳಗಿನಿಂದ. “ಬರಗಾಲ ಬಂದಿದ್ದಕ್ಕ ಹಲ್ಲಾದರೂ ಮನ್ಯಾಗ ಉಳದಾವ.”

೩. ಸಕ್ಕರೆ

ಇನ್ನು ಹಾಲು. ಊರಿನ ಚಹಾದ ಹೋಟೆಲಿನಲ್ಲೂ ಹಾಲಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಹಾಲಿನ ಪುಡಿ ಇತ್ತು. ಅಡುಗೆಯವಳಿಗೆ, “ಒಂದು ಲೋಟ ಕದಡು, ಆರಿಸಿ ಕೊಡು, ಅದರಾಗ ಹಲ್ಲು ಹಾಕಬೇಕು” ಎಂದೆ.

ಪಾತ್ರೆಗೆಂದು ನನ್ನ ಚಟ್ನಿಯ ಡಬ್ಬಿ ತೆಗೆದೆ. ಹೆಂಡತಿ ತೀರಿಕೊಂಡ ಮೇಲೆ ಅದರಲ್ಲಿ ಚಟ್ನಿ ತರುವುದು ನಿಂತಿತ್ತು. ಆದರೂ ಚೀಲದಲ್ಲಿ ಒಯ್ಯುತ್ತಿದ್ದೆ.

ಅಡುಗೆಯವಳು ಹಾಲು ಸುರಿದು, ಹಲ್ಲು ತಳಕ್ಕೆ ಇಳಿಯುವುದನ್ನು ಸ್ವಲ್ಪ ಹೊತ್ತು ನೋಡಿದಳು.

“ಸರ್, ಸಕ್ಕರಿ ಹಾಕ್ಲೇನ್ರಿ?”

“ಹಲ್ಲಿಗೆ ಯಾಕವ್ವ ಸಕ್ಕರಿ?”

“ಸಪ್ಪನ ಹಾಲು ಹುಡುಗರೇ ಬ್ಯಾಡ ಅಂತಾವ. ಇದು ಹ್ಯಾಂಗ ತಡೀತದ?”

೪. ಬಸ್ಸು

ಬೀದರ್ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಟುಮೂಟೆ, ಹಾಸಿಗೆ, ತವೆ, ಕೊಡ, ಕೂಸುಗಳು. ಎಲ್ಲರೂ ದುಡಿಯಲು ಹೊರಟವರು. ನಾನು ಡಬ್ಬಿಯನ್ನು ಎದೆಗೆ ಹಿಡಿದು ನಿಂತೆ. ಹುಡುಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ಅಜ್ಜಿಯ ತೊಡೆಯ ಮೇಲೆ ಕೂತಳು.

“ನೀವೂ ಹೊಂಟೀರೇನ್ರಿ ಮಾಸ್ತರ್? ಪುಣೆಕ್ಕೋ, ಹೈದ್ರಾಬಾದಕ್ಕೋ?” ಎಂದ ಪಕ್ಕದ ಮುದುಕ.

“ಇಲ್ಲ ಕಾಕಾ. ಬೀದರಕ್ಕ, ಹಲ್ಲು ಕೂಡ್ಸಲಿಕ್ಕ.”

ಮುದುಕ ಡಬ್ಬಿಯೊಳಗೆ ಇಣುಕಿದ. ಬಸ್ಸು ಜನವಾಡ ದಾಟಿತು. ಆಮೇಲೆ ಹೇಳಿದ:

“ನಮ್ಮ ಬಾಯಾಗ ಹಲ್ಲು ಅವ, ತಿನ್ನೂದು ಹುಡುಕ್ಯಾಡಲಿಕ್ಕ ಹೊಂಟೀವಿ. ಊರಾಗ ತಿನ್ನಲಿಕ್ಕ ಏನೂ ಇಲ್ಲ, ನೀವು ಹಲ್ಲು ಕೂಡ್ಸಲಿಕ್ಕ ಹೊಂಟೀರಿ. ನಮ್ಮಿಬ್ಬರಾಗ ಶ್ಯಾಣ್ಯಾ ಯಾರು ಅಂತೀನಿ?”

೫. ಪಥ್ಯ

ಡಾಕ್ಟರು ಭಾಲ್ಕಿ ಕಡೆಯವರು, ಮಾತು ಕಡಿಮೆ. ನಡೆದದ್ದೆಲ್ಲ ಕೇಳಿಕೊಂಡು, ಹಲ್ಲನ್ನು ತೊಳೆದು, ತಿರುಗಿಸಿ ನೋಡಿ, “ಮಾಳಗಿ ಮ್ಯಾಲ ಎಷ್ಟೊತ್ತು ಬಿದ್ದಿತ್ತು?” ಎಂದರು. ಹೇಳಿದೆ. ಅವರು ಕಷ್ಟ ಎಂಬಂತೆ ತಲೆಯಾಡಿಸಿದರು. ಹುಡುಗಿಯ ತಾಯಿಗೆ ಫೋನಿನಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸತೊಡಗಿದೆ; ಮೊದಲ ವಾಕ್ಯವೇ ಸರಿಹೋಗಲಿಲ್ಲ.

ಬಹಳ ಹೊತ್ತಿನ ಮೇಲೆ ಡಾಕ್ಟರು ಕೈಗವಸು ಕಳಚಿದರು. ಹಲ್ಲು ತನ್ನ ಜಾಗದಲ್ಲಿ ಕೂತಿತ್ತು, ಪಕ್ಕದ ಹಲ್ಲುಗಳಿಗೆ ತೆಳು ತಂತಿಯಿಂದ ಬಿಗಿದಿದ್ದರು.

“ಹಿಡೀತದ ಅನಸ್ತದ. ಆದರ ಪಥ್ಯಾ ಮಾಡಬೇಕು. ಕಡಕ್ ರೊಟ್ಟಿ ಬಂದ್. ಹಾಲನ್ನ, ಮೆತ್ತನ ಶಿರಾ, ಬಾಳಿಹಣ್ಣು ಕೊಡ್ರಿ. ಐಸ್‌ಕ್ರೀಮ್ ಕೊಟ್ಟರೂ ಛಲೋನೇ. ಇನ್ನ ಆ ಟ್ಯಾಂಕರ್ ಕಡಿ ಕಳಸಬ್ಯಾಡ್ರಿ, ಆರಾಮ ಮಲಗಲಿ.”

ಅಜ್ಜಿ ಒಂದೊಂದು ತಿನಿಸಿನ ಹೆಸರನ್ನೂ ತುಟಿಯಲ್ಲೇ ಹೇಳಿಕೊಂಡಳು. ಮೊಮ್ಮಗಳು ಕುರ್ಚಿಯಿಂದ ಇಳಿದದ್ದೇ ತಡ, ಸೀರೆ ಎತ್ತಿ ಕಟ್ಟಿ ತಾನೇ ಹತ್ತಿ ಕೂತು ಬಾಯಿ ತೆರೆದಳು. ಒಳಗೆ ಎರಡೇ ಹಲ್ಲು.

“ಡಾಕ್ಟರ್ ಸಾಹೇಬ್ರ, ಇದರಾಗ ಒಂದು ಕಿತ್ತು, ಮತ್ತ ಅಲ್ಲೇ ಕೂಡಸಿ ಬಿಡ್ರಿ. ಇಬ್ಬರೂ ಕೂಡೇ ಪಥ್ಯಾ ಮಾಡ್ತೀವಿ.”