ನಂಜನಗೂಡಿನಲ್ಲಿ ನಾನು ಸಾಕಿದ ಸಮುದ್ರ

ಏನೂ ತಿಳಿಯದವನ ಮನೆಯಲ್ಲಿ ಆಗುವ ಅನಾಹುತಕ್ಕೂ ಎಲ್ಲ ತಿಳಿದವನ ಮನೆಯಲ್ಲಿ ಆಗುವ ಅನಾಹುತಕ್ಕೂ ಒಂದು ವ್ಯತ್ಯಾಸವಿದೆ. ಮೊದಲನೆಯವನು ಅಯ್ಯೋ ಎನ್ನುತ್ತಾನೆ, ಎರಡನೆಯವನು ಕಾರಣ ಹೇಳುತ್ತಾನೆ. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನಾನು ಎರಡನೆಯ ಗುಂಪಿನವನು. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಕಾರಣ ಹೇಳುವುದೇ ನನ್ನ ಹೊಟ್ಟೆಪಾಡು.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಮ್ಮ ನಂಜನಗೂಡಿನ ಮನೆಯ ನಡುಮನೆಯಲ್ಲಿ ಒಂದು ಸಮುದ್ರವಿತ್ತು. ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರೊಳಗೆ ಬೆಂಗಳೂರಿನಿಂದ ತರಿಸಿದ ಸಮುದ್ರದುಪ್ಪು ಬೆರೆಸಿದ ನೀರು, ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಎರಡು ಮೀನು, ಒಂದು ಕೆಂಪು ಸಿಗಡಿ, ಬಂಡೆಗೆ ಅಂಟಿಕೊಂಡು ಬೆರಳಾಡಿಸುವ, ಹೂವಿನಂತೆ ಕಾಣುವ ಪ್ರಾಣಿ, ಒಂದು ಕಡಲಹೂ. ಇವನ್ನೆಲ್ಲ ಕೊಡಿಸಿದವನು ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ ನಾಗರಾಜು. ಹೆಡತಲೆ ಹಳ್ಳಿಯಿಂದ ಬಂದ ನಮ್ಮ ಮಾವನವರು ಮಾತ್ರ ತೊಟ್ಟಿಯನ್ನು ಸುತ್ತುಹಾಕಿ ನೋಡಿ, "ಅಳಿಯಂದ್ರೇ, ಮಗ್ಗುಲಲ್ಲೇ ಒಳೆ ಮಡಿಕಂಡು ಉಪ್ನೀರು ಕಲಸ್ತಾ ಕುಂತಿದ್ದೀರಲ್ಲ, ಇದ್ಯಾವ ಕರ್ಮ?" ಅಂದರು. ವಿಜ್ಞಾನ ಎಲ್ಲರಿಗೂ ಅರ್ಥವಾಗುವಂಥದ್ದಲ್ಲ ಎಂದುಕೊಂಡು ಉಪ್ಪು ಕಲಸುವುದನ್ನು ಮುಂದುವರಿಸಿದೆ.

ಸಮುದ್ರವೆನ್ನುವುದು ಒಂದೇ ದಿನದಲ್ಲಿ ಕೆಟ್ಟುಹೋಗಬಹುದು ಎಂದು ನಾಗರಾಜು ಮೊದಲೇ ಎಚ್ಚರಿಸಿದ್ದ. ಹಾಗಾಗಿ ನಾನು ಮನೆಯಲ್ಲಿ ಕಾನೂನು ಜಾರಿ ಮಾಡಿದೆ. ನೆಂಟರು ಬಿಸ್ಕತ್ತಿನ ಪುಡಿ ಹಾಕಕೂಡದು, ಯಾಕೆಂದರೆ ತಿನ್ನದೆ ಉಳಿದದ್ದು ಕೊಳೆತು ನೀರು ವಿಷವಾಗುತ್ತದೆ. ಸೊಳ್ಳೆ ಬತ್ತಿ ಹಚ್ಚಕೂಡದು. ನನ್ನ ಹೆಂಡತಿ ಮಂಗಳ ದೇವರ ಊದುಬತ್ತಿಯನ್ನು ಹಿತ್ತಿಲಿಗೆ ಒಯ್ಯಬೇಕು. ಕರೆಂಟು ಹೋದರೆ ಗಾಳಿ ಊದಲು ಸೆಲ್ಲಿನ ಪಂಪು ಸಿದ್ಧವಾಗಿತ್ತು. ದಿನವೂ ನೀರು ಆವಿಯಾಗಿ ಆರುತ್ತದೆ, ಉಪ್ಪು ಆರುವುದಿಲ್ಲ, ಆದ್ದರಿಂದ ಆರಿದಷ್ಟು ಸಿಹಿನೀರು ಸೇರಿಸುತ್ತಿರಬೇಕು. ಅದಕ್ಕೆ ಮಂಗಳ ಪ್ಲಾಸ್ಟಿಕ್ ಬಕೆಟ್ಟು ತಂದುಕೊಟ್ಟಾಗ ನಾನು ನಕ್ಕುಬಿಟ್ಟೆ. "ಅಮ್ಮನ ಕಾಲದ ತಾಮ್ರದ ಹಂಡೆ ಇರುವಾಗ ಪ್ಲಾಸ್ಟಿಕ್ ಯಾಕೆ? ತಾಮ್ರದಲ್ಲಿ ನಿಂತ ನೀರು ಶುದ್ಧ. ನಾವೇ ಕುಡೀತೀವಿ." ಅವಳು ಬಕೆಟ್ಟನ್ನು ಒಳಗಿಟ್ಟಳು.

ತಿಂಗಳು ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಸಿಗಡಿ ಅಂಗಾತ ಬಿದ್ದಿತ್ತು. ಕಡಲಹೂ ಬೆಂದ ಬದನೆಕಾಯಿಯಂತೆ ಕುಸಿದಿತ್ತು. ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗೆ. ಮೀನುಗಳೆರಡೂ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ನಾನು ನಾಗರಾಜುವಿಗೆ ಫೋನು ಮಾಡಿ, ಅವನು ಬಸ್ಸು ಹಿಡಿಯುವಷ್ಟರಲ್ಲಿ ತನಿಖೆ ಶುರುಮಾಡಿದೆ.

"ಊದುಬತ್ತಿ ಒಳಗೆ ಹಚ್ಚಿದ್ದೆಯಾ?"

"ಇಲ್ಲ ಕಣ್ರೀ."

"ನಿಮ್ಮಪ್ಪ ಮಂಡಕ್ಕಿ ಹಾಕಿದ್ರಾ?"

"ಅಪ್ಪ ಊರಿಗೆ ಹೋಗಿ ಹದಿನೈದು ದಿನ ಆಯ್ತು. ಮೊದ್ಲು ಮೀನು ಎತ್ರಿ, ಆಮೇಲೆ ಕೇಸು ನಡೆಸೋರಂತೆ!"

ಅದೇ ಹೊತ್ತಿಗೆ ಕರೆಂಟೂ ಹೋಯಿತು. ಸೆಲ್ಲಿನ ಪಂಪು ಒತ್ತಿದರೆ ಅದು ಉಸಿರೆತ್ತಲಿಲ್ಲ. ಹಿಂದಿನ ದಿನ ಕ್ರಿಕೆಟ್ ಕಾಮೆಂಟರಿ ಕೇಳಲು ಸೆಲ್ಲುಗಳನ್ನು ನಾನೇ ರೇಡಿಯೋಗೆ ಹಾಕಿಕೊಂಡಿದ್ದೆ. ಮಂಗಳ ನನ್ನ ಮುಖ ನೋಡಲಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನನ್ನ ಕೈಲಿ ಹೊಸ ಉಪ್ಪುನೀರು ಕಲಸಿಸಿ, ಮೀನುಗಳನ್ನು ಅದಕ್ಕೆ ಬಿಡಿಸಿ, ಸೆರಗು ಸಿಕ್ಕಿಸಿಕೊಂಡು ಕೂತಳು. ಜಗ್ಗಿನಲ್ಲಿ ನೀರು ಮೊಗೆದು, ಕಾಫಿ ಆರಿಸುವ ಹಾಗೆ ಎತ್ತರದಿಂದ ಬಕೆಟ್ಟಿಗೆ ಹೊಯ್ದಳು. ನೊರೆ ಎದ್ದಿತು. ಮತ್ತೆ ಮೊಗೆದಳು, ಮತ್ತೆ ಹೊಯ್ದಳು. ಒಂದೂವರೆ ಗಂಟೆ ಹಾಗೆಯೇ ನಡೆಯಿತು. ಕೈ ಸೋತಾಗ ಜಗ್ಗನ್ನು ನನಗೆ ಕೊಟ್ಟಳು. ಮೀನುಗಳಲ್ಲಿ ಚಿಕ್ಕದು ಒಮ್ಮೆ ಪಕ್ಕಕ್ಕೆ ವಾಲಿದಾಗ, ಮದುವೆಯಾದ ಮೇಲೆ ಮೊದಲ ಸಲ ನಾವಿಬ್ಬರೂ ಒಂದೇ ವಿಷಯಕ್ಕೆ ಒಟ್ಟಿಗೆ ಉಸಿರು ಹಿಡಿದೆವು. ಅದು ಬಾಲ ಆಡಿಸಿ ನೆಟ್ಟಗಾಯಿತು.

ನಾಗರಾಜು ಬಂದವನೇ ತೊಟ್ಟಿಯನ್ನು ನೋಡಲಿಲ್ಲ. ಮೂಲೆಯಲ್ಲಿ, ಹುಣಸೆಹಣ್ಣು ಹಾಕಿ ನಾನೇ ಉಜ್ಜಿ ಹೊಳೆಯಿಸಿದ್ದ ಹಂಡೆಯನ್ನು ನೋಡಿದ.

"ಸಾ, ಈ ಅಂಡೆ ನೀರಾ ಉಯ್ತಿದ್ದುದು?"

"ಹೌದು. ಶುದ್ಧ ನೀರು."

"ತಾಮ್ರ ಕಣ್ ಸಾ! ನಮ್ಗೇನೂ ಆಗಾಕಿಲ್ಲ, ಸಿಗಡಿಗೆ ಅದು ಪಾಷಾಣ. ಉಪ್ಪಿನಂಗೇ, ಒಂದ್ ದಪ ಒಳೀಕೆ ಓದ್ರೆ ಆರಿ ಓಗಾಕಿಲ್ಲ, ದಿನಾ ಸೇರ್ಕತದೆ. ಸತ್ತಿದ್ದು ಕೊಳ್ತು, ನೀರ್ ಕೆಟ್ಟು ಮೀನಿಗೂ ಬಂತು. ನೀವು ಕೆಮಿಸ್ಟ್ರಿ ಮೇಷ್ಟ್ರಲ್ವಾ?"

ತಾಮ್ರದ ಬಗ್ಗೆ ನನಗೆ ಗೊತ್ತಿಲ್ಲದ್ದೇನಿಲ್ಲ. ಅದರ ಪರಮಾಣು ಸಂಖ್ಯೆ ಇಪ್ಪತ್ತೊಂಬತ್ತು. ಹುಣಸೆಯ ಆಮ್ಲ ಅದರ ಕಿಲುಬನ್ನು ಕರಗಿಸುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದವನು ನಾನೇ. ಆ ಬೋರ್ಡು ಸ್ಕೂಲಿನಲ್ಲಿತ್ತು, ಹಂಡೆ ಮನೆಯಲ್ಲಿತ್ತು, ಅಷ್ಟೇ. ತಿಂಡಿಗೆ ಕೂತಾಗ ಮಂಗಳ ನಾಗರಾಜುವಿಗೆ ಇನ್ನೊಂದು ಇಡ್ಲಿ ಬಡಿಸಿದಳು, ನನಗೆ ಬಡಿಸುವುದನ್ನು ಮರೆತಳು.

ಕಲ್ಲು, ಮರಳು ಎಲ್ಲ ಎಸೆದು ತೊಟ್ಟಿಯನ್ನು ಹೊಸದಾಗಿ ಕಟ್ಟಿದೆವು. ಮೀನುಗಳು ಆಮೇಲೆ ಎಷ್ಟೋ ವರ್ಷ ಬದುಕಿದವು. ನೋಡಲು ಬಂದವರಿಗೆ ಸಮುದ್ರ ಯಾಕೆ ಕೆಡುತ್ತದೆ, ಕೆಡದಂತೆ ಹೇಗೆ ಕಾಯಬೇಕು ಎಂದು ನಾನು ಅರ್ಧ ಗಂಟೆ ವಿವರಿಸುತ್ತಿದ್ದೆ. ಒಂದು ಸಲ ನಮ್ಮ ಹೆಡ್‌ಮಾಸ್ತರರು ಮೆಚ್ಚಿ, "ಇಷ್ಟೆಲ್ಲ ನೀವೊಬ್ಬರೇ ನೋಡ್ಕೋತೀರಾ ಮೇಷ್ಟ್ರೇ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಡಿಗೆಮನೆಯಿಂದ ಉತ್ತರ ಬಂತು: "ನೋಡೋದು ಅವರು ಸಾರ್. ನೋಡ್ಕೊಳ್ಳೋದು ನಾನು."

ವ್ಯಾಕರಣದಲ್ಲಿ ತಪ್ಪೇನೂ ಸಿಗಲಿಲ್ಲ. ನಾನು ವಿವರಣೆ ಮುಂದುವರಿಸಿದೆ.